ಕಾವಿಗೆ ತಂದ ಕೋಳಿ

ನೆಂಟರೆಲ್ಲ ಹೋದ ಮೇಲಿನ ಮೊದಲ ಬೆಳಿಗ್ಗೆ ಆರು ಗಂಟೆಗೆ ಎದ್ದೆ. ಶಾಮಿಯಾನದವರು ಹಿಂದಿನ ಸಂಜೆಯೇ ಕಂಬ ಕಿತ್ತುಕೊಂಡು ಹೋಗಿದ್ದರು. ಅಂಗಳದಲ್ಲಿ ಆರು ಗುಂಡಿಗಳು ಉಳಿದಿದ್ದವು. ಮಾವ ಸಣ್ಣಸ್ವಾಮಿ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಟಿದ್ದರು. ಅತ್ತೆ ಹುಚ್ಚಮ್ಮ ಒಲೆ ಹಚ್ಚಿದ್ದರು. ಎಲ್ಲವೂ ಎಂದಿನ ಜಾಗದಲ್ಲೇ ಇತ್ತು. ನಾನು ಮುಖ ತೊಳೆದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತೆ.

ನನ್ನ ಗಂಡ ಮಹೇಶ್ ಸತ್ತು ಅಂದಿಗೆ ಹನ್ನೆರಡು ದಿನ. ಸುಂಟಿಕೊಪ್ಪದ ಹತ್ತಿರದ ಎಸ್ಟೇಟೊಂದರಲ್ಲಿ ಅವನು ಕೂಲಿಯವರ ಲೆಕ್ಕ ಬರೆಯುವ ರೈಟರ್ ಆಗಿದ್ದ. ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿಯ ಮೇಲ್ತುದಿ ಕರೆಂಟಿನ ತಂತಿಗೆ ತಗುಲಿದಾಗ ಕೆಳಗೆ ಏಣಿ ಹಿಡಿದಿದ್ದವನು ಅವನು. ಮೂವತ್ತಮೂರು ವರ್ಷ. ಇದರ ಬಗ್ಗೆ ಇಷ್ಟೇ ಬರೆಯಬಲ್ಲೆ.

ಸೌದೆ ಕೊಟ್ಟಿಗೆಯ ಮೂಲೆಯ ಮಂಕರಿಯಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು. ಅದು ನಮ್ಮದಲ್ಲ. ನಮ್ಮ ಮನೆಯಲ್ಲಿರುವುದು ಫಾರಂನಿಂದ ತಂದ ಜಾತಿ. ಮೊಟ್ಟೆ ಇಟ್ಟು ಕೂಗುತ್ತವೆ, ಆಮೇಲೆ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಮರಿ ಬೇಕಾದರೆ ಕಾವು ಬಂದ ನಾಟಿ ಕೋಳಿಯನ್ನು ಯಾರಿಂದಲಾದರೂ ಕೇಳಿ ತರಬೇಕು. ಮರಿ ಬಲಿತ ಮೇಲೆ ಕೋಳಿಯನ್ನೂ ಅರ್ಧ ಮರಿಗಳನ್ನೂ ಅವರಿಗೆ ಕೊಡಬೇಕು. ಮಹೇಶ್ ಮಾದಾಪುರ ರಸ್ತೆಯ ಮುತ್ತಮ್ಮಕ್ಕನ ಮನೆಯಿಂದ ಇದನ್ನು ತಂದಿದ್ದ. ಹನ್ನೊಂದು ಮೊಟ್ಟೆ ಇಟ್ಟು ಕೂರಿಸಿದ್ದ. ದಾರಿ ತಪ್ಪಿದರೆ ಗುರುತಿಗೆ ಇರಲಿ ಎಂದು ತನ್ನ ನೀಲಿ ಲುಂಗಿಯ ಅಂಚು ಹರಿದು ಅದರ ಕಾಲಿಗೆ ಕಟ್ಟಿದ್ದ.

“ಬೇರೆಯವರ ಕೋಳಿ, ಅನು. ಜೀವಂತ ವಾಪಸ್ ಹೋಗ್ಬೇಕು. ಆಯಮ್ಮ ನನ್ನನ್ನ ಬಿಡಲ್ಲ,” ಎಂದಿದ್ದ.

ಅದಾದ ನಾಲ್ಕನೆಯ ದಿನ ಏಣಿ. ಅವನು ನನಗೆ ವಹಿಸಿ ಹೋದ ಕೆಲಸ ಎಂದು ನೆನಪಿರುವುದು ಅದೊಂದೇ. ಹದಿನಾರು ದಿನ ಕಳೆದಿತ್ತು. ಇನ್ನು ಐದು ದಿನ ಕೋಳಿ ಬದುಕಿರಬೇಕಿತ್ತು, ಮೊಟ್ಟೆ ಬಿಡದೆ ಕೂತಿರಬೇಕಿತ್ತು.

ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಕೂತು ನಾಯಿಗೆ ಕೈತುತ್ತು ಕೊಡುತ್ತಿದ್ದರು.

ನಾಯಿಯ ಹೆಸರು ಮಿಲ್ಟ್ರಿ. ನಿವೃತ್ತ ಸುಬೇದಾರರೊಬ್ಬರ ಮನೆಯಿಂದ ಬಂದ ಮರಿಯಾದ್ದರಿಂದ ಆ ಹೆಸರು. ಹೆಸರು ಬಂತು, ಶಿಸ್ತು ಅಲ್ಲೇ ಉಳೀತು ಎಂದು ಮಾವ ಹೇಳುತ್ತಿದ್ದರು. ಮಹೇಶ್ ಸತ್ತ ದಿನದಿಂದ ಅದು ಸರಿಯಾಗಿ ತಿಂದಿರಲಿಲ್ಲ. ಹನ್ನೊಂದನೆಯ ದಿನದ ತಿಥಿಗೆ ಜಮೀನಿನ ತುದಿಯ ಸಮಾಧಿಯ ಮುಂದೆ ಬಾಳೆಲೆ ಹಾಕಿ ಅವನಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟರು. ಕೇಸರಿಬಾತು, ಈರುಳ್ಳಿ ಬೋಂಡ, ಕೋಳಿ ಸಾರು, ಅನ್ನ, ಲೋಟದಲ್ಲಿ ಕಾಫಿ, ಮಡಿಕೇರಿಯ ಚಾಕೊಲೇಟು. ನಾವೆಲ್ಲ ದೂರ ಹೋಗಿ ನಿಂತೆವು. ಸಿಲ್ವರ್ ಓಕಿನ ಮೇಲೆ ಎರಡು ಕಾಗೆಗಳಿದ್ದವು. ಇಳಿಯಲಿಲ್ಲ.

ಮಾವ ಕೈ ಮುಗಿದು, “ಅನೂನ ಮಗಳ ಹಂಗೆ ನೋಡ್ಕತೀವಿ ಕಣಪ್ಪ,” ಎಂದರು. ಕಾಗೆ ಇಳಿಯಲಿಲ್ಲ. “ನಿಮ್ಮವ್ವನ ಕೂಡೆ ಜಗಳ ಆಡಲ್ಲ,” ಎಂದರು. ಆಗಲೂ ಇಳಿಯಲಿಲ್ಲ. “ಅದನ್ನ ನಾನೇ ನಂಬಕಿಲ್ಲ, ಅವನು ನಂಬ್ತಾನಾ?” ಎಂದು ಅತ್ತೆ ಅಳುತ್ತಲೇ ಹೇಳಿದರು. ಅಷ್ಟರಲ್ಲಿ ಮಿಲ್ಟ್ರಿ ಸರಪಳಿ ಕಿತ್ತುಕೊಂಡು ಬಂದು ಎಲೆಗೆ ಬಾಯಿ ಹಾಕಿ ಕೋಳಿ ಸಾರಿನ ಅನ್ನ ತಿಂದಿತು. ಯಾರೋ ಕಲ್ಲು ಎತ್ತಿದರು. ಅತ್ತೆ ಅವರ ಕೈ ಹಿಡಿದುಕೊಂಡರು.

“ಬಂದ ಕಣ್ರೋ. ನನ್ ಮಗ ಬಂದ. ಹೊಡೀಬ್ಯಾಡಿ.”

ಅಂದಿನಿಂದ ಅವನಿಗೆ ಇಷ್ಟವಾದದ್ದೆಲ್ಲ ಮಿಲ್ಟ್ರಿಗೆ ಎಂದು ಅತ್ತೆ ತೀರ್ಮಾನಿಸಿದ್ದರು. ಈ ಬೆಳಿಗ್ಗೆ ಹೊಸದಾಗಿ ಕೇಸರಿಬಾತು ಮಾಡಿದ್ದರು. ಕೈಯಲ್ಲಿದ್ದ ಉಂಡೆಯಲ್ಲಿ ತುಪ್ಪದಲ್ಲಿ ಹುರಿದು ಉಬ್ಬಿದ ದ್ರಾಕ್ಷಿ ಕಾಣುತ್ತಿತ್ತು. ಅಳತೆ ಇಲ್ಲದೆ ಹಾಕಿದ್ದರು, ಅವನಿಗೆ ಹಾಕುತ್ತಿದ್ದ ಹಾಗೆ.

ನಾನು ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದಿದವಳು. ಎಂ.ಎಸ್ಸಿ. ಮೂರು ವರ್ಷದ ಹಿಂದೆ ಮದುವೆಯಾಗಿ ಬಂದಾಗ ಅಡುಗೆಮನೆಯ ಬಾಗಿಲ ಹಿಂದೆ ಒಂದು ಹಾಳೆ ಅಂಟಿಸಿದ್ದೆ. ನಾವು ತಿನ್ನುವುದರಲ್ಲಿ ನಾಯಿಗೆ ಯಾವುದು ಆಗುತ್ತದೆ, ಕೋಳಿಗೆ ಯಾವುದು ಆಗುವುದಿಲ್ಲ ಎಂದು ಅದರಲ್ಲಿ ದುಂಡಗೆ ಬರೆದಿತ್ತು. ದ್ರಾಕ್ಷಿ, ಹಸಿಯದಾಗಲಿ ಒಣಗಿದ್ದಾಗಲಿ, ನಾಯಿಯ ಮೂತ್ರಪಿಂಡವನ್ನು ಕೆಡಿಸಬಹುದು ಎಂಬುದೇ ಮೊದಲ ಸಾಲು. ಮಹೇಶ್ ಅದನ್ನು ಓದಿ, “ಮಿಲ್ಟ್ರಿ, ಬಾರೋ. ಮೆನು ಕಾರ್ಡ್ ಬಂದಿದೆ. ಮೇಡಂ ಆರ್ಡರ್ ತಗೊಳ್ತಾರೆ,” ಎಂದಿದ್ದ.

ಉಂಡೆ ನಾಯಿಯ ಬಾಯಿಗೆ ಹೋಯಿತು. ಇನ್ನೊಂದು ಹೋಯಿತು. ಅತ್ತೆ, “ತಿನ್ನು ಮಗ, ನಿಧಾನಕ್ಕೆ ತಿನ್ನು,” ಎನ್ನುತ್ತಿದ್ದರು. ಹನ್ನೆರಡು ದಿನದಲ್ಲಿ ಅವರ ಮುಖ ಅಷ್ಟು ಸಡಿಲವಾದದ್ದನ್ನು ನಾನು ನೋಡಿರಲಿಲ್ಲ. ಹೇಳಬೇಕು ಅನ್ನಿಸಿತು. ಆ ಅನ್ನಿಸಿಕೆಗೂ ಬಾಯಿಗೂ ನಡುವೆ ಬಹಳ ದೂರ ಇತ್ತು. ನಾನು ಒಳಗೆ ಹೋಗಿ ಪಾತ್ರೆ ತೊಳೆದೆ.

ಸಂಜೆ ಮಿಲ್ಟ್ರಿ ವಾಂತಿ ಮಾಡಿತು. ಮರುದಿನ ಬೆಳಿಗ್ಗೆ ತಲೆ ಎತ್ತಲಿಲ್ಲ. ನೀರನ್ನೂ ಮೂಸಲಿಲ್ಲ.

“ದೃಷ್ಟಿ ಆಗದೆ,” ಎಂದು ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿದರು.

“ಆಸ್ಪತ್ರೆಗೆ ಹೋಗೋಣ,” ಎಂದು ಮಾವನಿಗೆ ಹೇಳಿದೆ. ಹದಿಮೂರು ದಿನದಲ್ಲಿ ನಾನಾಗಿ ಆಡಿದ ಮೊದಲ ಮಾತು ಅದಿರಬಹುದು. ಅವರು ಕೂಡಲೇ ಆಟೊ ಕರೆದರು. ಮಿಲ್ಟ್ರಿಯನ್ನು ಗೋಣಿಚೀಲದ ಮೇಲೆ ಮಲಗಿಸಿಕೊಂಡು ಹೋದೆವು.

ಪಶುವೈದ್ಯ ಪ್ರಜ್ಞೇಶ್ ನನ್ನ ವಯಸ್ಸಿನವರು. ನಾಯಿಯ ಒಸಡು ಒತ್ತಿ ನೋಡಿದರು.

“ಏನು ತಿಂತು?”

“ಕೇಸರಿಬಾತು. ದ್ರಾಕ್ಷಿ ಇತ್ತು.”

“ಎಷ್ಟು?”

“ಒಂದು ಹಿಡಿ ಇರಬಹುದು. ನಿನ್ನೆ ಬೆಳಿಗ್ಗೆ ಏಳು ಗಂಟೆಗೆ.”

“ಇಷ್ಟು ಸರಿಯಾಗಿ ಯಾರೂ ಹೇಳಲ್ಲ. ಏನೋ ತಿಂದಿದೆ ಸಾರ್ ಅಂತಾರೆ ಅಷ್ಟೇ. ನಿಮಗೆ ಹೇಗೆ ಗೊತ್ತು?”

“ನೋಡ್ತಾ ನಿಂತಿದ್ದೆ.”

ಅವರು ನನ್ನ ಮುಖ ನೋಡಿ, ಮತ್ತೆ ನಾಯಿಯ ಕಡೆ ತಿರುಗಿದರು. ತಿಂದ ಕೂಡಲೇ ತಂದಿದ್ದರೆ ವಾಂತಿ ಮಾಡಿಸಬಹುದಿತ್ತು, ಈಗ ಡ್ರಿಪ್ ಹಾಕಿ ಮೂತ್ರ ಹೋಗುತ್ತದೆಯೇ ಎಂದು ಕಾಯಬೇಕು, ಮೂರು ದಿನ ಇಲ್ಲೇ ಇರಲಿ ಎಂದರು. ಮಿಲ್ಟ್ರಿಯ ಮುಂಗಾಲಿನ ಕೂದಲು ಬೋಳಿಸಿದರು. ಕೆಳಗಿನ ಚರ್ಮ ಗುಲಾಬಿ ಬಣ್ಣದ್ದಿತ್ತು.

ವಾಪಸ್ ಬರುವಾಗ ಆಟೊದಲ್ಲಿ ಮಾವ ಖಾಲಿ ಗೋಣಿಚೀಲವನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡರು.

“ನೋಡ್ತಾ ನಿಂತಿದ್ದೆ ಅಂದೆ.”

“ಹೌದು ಮಾವ.”

“ನಿಮ್ಮತ್ತೆಗೆ ಓದಕ್ಕೆ ಬರಕಿಲ್ಲ ಕಣವ್ವ.”

ಗೊತ್ತು ಎನ್ನಲು ಹೋದೆ. ನಿಜಕ್ಕೂ ಅದು ನನಗೆ ಗೊತ್ತಿತ್ತು. ಅವರ ಪಿಂಚಣಿ ಅರ್ಜಿಗೆ ಹೆಬ್ಬೆಟ್ಟು ಹಾಕಿಸಿದ್ದೇ ನಾನು. ಆದರೂ ದಿನಕ್ಕೆರಡು ಸಲ ನಾಯಿಗೂ ಕೋಳಿಗೂ ಹಾಕುವವರು ಅವರೊಬ್ಬರೇ ಎಂದು ಗೊತ್ತಿದ್ದೂ, ಆ ಹಾಳೆಯನ್ನು ನನ್ನ ಕಣ್ಣಿನ ಎತ್ತರಕ್ಕೆ ಅಂಟಿಸಿ ಕೈ ತೊಳೆದುಕೊಂಡಿದ್ದೆ.

“ಮತ್ತೆ ಮೂರು ವರ್ಷ ಹೇಗೆ…” ಎಂದೆ.

“ಅವನಿದ್ನಲ್ಲ. ಬೆಳಗ್ಗೆ ಅವಳು ತಟ್ಟೆ ಇಟ್ಟು ಒಳಗೆ ಹೋಗೋಳು. ಇವನು ಮೆಟ್ಲ ಮೇಲೆ ಕಾಫಿ ಹಿಡ್ಕಂಡು ಕೂತು ದ್ರಾಕ್ಷಿ, ಈರುಳ್ಳಿ ಎಲ್ಲ ಆರಿಸಿ ಬೇಲಿ ಆಚೆ ಎಸೆಯೋನು. ಹೇಳ್ಬಾರ್ದೇನ್ಲಾ ಅವಳಿಗೆ ಅಂದೆ ಒಂದ್ಸಲ. ಅಯ್ಯೋ, ಆಸೆಯಿಂದ ಹಾಕ್ತಳೆ, ಬೇಜಾರ್ ಮಾಡ್ಕತಳೆ, ನಾನಿದೀನಲ್ಲ ಬಿಡು ಅಂದ.”

ಆಟೊ ಗದ್ದೆಹಳ್ಳದ ತಿರುವು ದಾಟಿತು. ನನ್ನ ಹಾಳೆ ಕೆಲಸ ಮಾಡುತ್ತಿದೆ ಎಂದು ಮೂರು ವರ್ಷ ತಿಳಿದುಕೊಂಡಿದ್ದೆ.

ಆ ರಾತ್ರಿಯೂ ಅತ್ತೆಗೆ ನಾನು ಹೇಳಲಿಲ್ಲ. ನಾಯಿಗೆ ಹೊಟ್ಟೆ ಕೆಟ್ಟಿದೆ ಎಂದಷ್ಟೇ ಮಾವ ಹೇಳಿದರು. ನಿಜ ಹೇಳಲು ಅವರಿಗೂ ಆಗಲಿಲ್ಲ.

ಕೋಳಿ ಕಾವಿಗೆ ಕೂತ ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಕೂಲಿಗಳ ಲೈನುಮನೆಯ ಸಿದ್ದಣ್ಣ ಬಂದ. ಎಸ್ಟೇಟಿನಲ್ಲಿ ಮಹೇಶನ ಕೈಕೆಳಗೆ ಕೆಲಸ ಮಾಡಿದವನು. ಚೀಲದಲ್ಲಿ ನಾಲ್ಕು ಬೆಣ್ಣೆಹಣ್ಣು ಇದ್ದವು.

“ಈ ವರ್ಷದ್ದು ಮೊದ್ಲನೇ ಹಣ್ಣು ಅಮ್ಮಾವ್ರೇ. ರೈಟರಿಗೆ ಅಂತ ದಿನಾ ಆ ಮರ ನೋಡ್ಕೊಂಡು ಹೋಗ್ತಿದ್ದೆ. ಅಭ್ಯಾಸ. ಬಲೀತು, ಕಿತ್ತು ಹಣ್ಣಿಗಿಟ್ಟುಬಿಟ್ಟೆ. ಆಮೇಲೆ ನೆನಪಾಯ್ತು.”

ಹಣ್ಣನ್ನು ಅತ್ತೆಯ ಕೈಗೆ ಕೊಟ್ಟು, ಹೋಗುವಾಗ ಅವನು ಚೀಲ ಮರೆತ. ನಾನು ಹಾಲು ಕಾಯಿಸಲು ಒಳಗೆ ಹೋದೆ. ಕಿಟಕಿಯಿಂದ ಸೌದೆ ಕೊಟ್ಟಿಗೆ ಕಾಣುತ್ತದೆ. ಕಾವಿನ ಕೋಳಿ ದಿನಕ್ಕೊಮ್ಮೆ ಹತ್ತು ನಿಮಿಷ ಮಾತ್ರ ಮಂಕರಿಯಿಂದ ಇಳಿಯುತ್ತಿತ್ತು. ಹಸಿದು ಇಳಿದಾಗ ಮುಂದಿಟ್ಟದ್ದೆಲ್ಲ ಗಬಗಬನೆ ತಿನ್ನುತ್ತಿತ್ತು. ಅದು ರೆಕ್ಕೆ ಕೊಡವಿ ಇಳಿಯುವುದೂ ಅತ್ತೆ ತಟ್ಟೆ ಹಿಡಿದು ಬರುವುದೂ ಒಟ್ಟಿಗೇ ಕಂಡಿತು. ತಟ್ಟೆಯಲ್ಲಿ ಹಸಿರು ಇತ್ತು. ಬೆಣ್ಣೆಹಣ್ಣನ್ನು ಸಕ್ಕರೆ ಹಾಕಿ ಕಿವುಚಿದ್ದರು, ಅವನಿಗೆ ಮಾಡಿಕೊಡುತ್ತಿದ್ದ ಹಾಗೆಯೇ.

ಹಾಲು ಉಕ್ಕಲು ಬಂದಿತ್ತು. ಆರಿಸದೆ ಓಡಿದೆ. ತಟ್ಟೆ ನೆಲ ಮುಟ್ಟಿದ ಕೂಡಲೇ ಎತ್ತಿಕೊಂಡೆ. ಕೋಳಿ ನನ್ನ ಕೈಗೆ ಕುಕ್ಕಿತು.

“ಅತ್ತೆ, ಇದು ಬೇಡ.”

“ಯಾಕವ್ವ? ಸಕ್ರೆ ಕಮ್ಮಿನೇ ಹಾಕಿವ್ನಿ.”

“ಬೆಣ್ಣೆಹಣ್ಣು ಕೋಳಿಗೆ ವಿಷ.”

“ವಿಷವಾ? ನನ್ ಮಗ ತಿಂದು ಬೆಳ್ದಿದ್ದೇ ಇದನ್ನ.”

“ನಮಗೇನೂ ಆಗಲ್ಲ. ಕೋಳಿಗೆ ಆಗುತ್ತೆ. ಉಸಿರು ಕಟ್ಟುತ್ತೆ, ಸಾಯಬಹುದು.”

“ಓದಿರೋರು ಎಲ್ಲದ್ರಲ್ಲೂ ಏನಾದ್ರೂ ಒಂದು ಹುಡುಕ್ತೀರ. ಅವನು ತಂದ ಕೋಳಿ ಇದು. ಅವನು ತಿನ್ನೋದ್ನ ಅದೂ ಒಂಚೂರು ತಿನ್ಲಿ. ಕೊಡಿಲ್ಲಿ.” ಕೈ ಚಾಚಿದವರು ಹಾಗೇ ನಿಂತರು. “ಮಿಲ್ಟ್ರಿಗೆ ಏನಾಗಿದ್ದು?”

ನಾನು ತಟ್ಟೆ ಹಿಡಿದುಕೊಂಡೇ ಇದ್ದೆ.

“ಅನು, ಮಿಲ್ಟ್ರಿಗೆ ಏನಾಗಿದ್ದು?”

“ಕೇಸರಿಬಾತಿನ ದ್ರಾಕ್ಷಿ, ಅತ್ತೆ.”

“ನಾನು ತಿನ್ಸಿದ್ದು.”

“ನನಗೆ ಗೊತ್ತಿತ್ತು. ನೀವು ತಿನ್ನಿಸುವಾಗ ನಾನು ಬಾಗಿಲಲ್ಲೇ ಇದ್ದೆ. ಹೇಳಲಿಲ್ಲ.”

ಅತ್ತೆ ಸೌದೆಯ ಮೇಲೆ ಕೂತರು. ಹಾಲು ಉಕ್ಕಿ ಸೀದ ವಾಸನೆ ಅಲ್ಲಿಯವರೆಗೂ ಬಂತು. ಕೋಳಿ ನೀರು ಕುಡಿಯಿತು, ನೆಲ ಕೆದಕಿತು, ಮಂಕರಿ ಹತ್ತಿ ಮೊಟ್ಟೆಗಳನ್ನು ಕೊಕ್ಕಿನಿಂದ ಸರಿಮಾಡಿಕೊಂಡು ಕೂತಿತು. ಬೈಯುತ್ತಾರೆ ಎಂದುಕೊಂಡೆ. ಬೈದರೆ ಒಳ್ಳೆಯದಿತ್ತು.

“ಬಾಗ್ಲ ಹಿಂದೆ ಏನೋ ಬರ್ದು ಅಂಟಿಸಿದ್ದೀಯಲ್ಲ,” ಎಂದರು. “ದೇವ್ರ ಸ್ತೋತ್ರ ಅನ್ಕಂಡಿದ್ದೆ. ತಂದು ಓದು.”

ಒಲೆ ಆರಿಸಿ ಹಾಳೆ ಕಿತ್ತು ತಂದೆ. ಒಗ್ಗರಣೆಯ ಎಣ್ಣೆ ಸಿಡಿದು ಒಂದು ಮೂಲೆ ಪಾರದರ್ಶಕವಾಗಿತ್ತು. ಪಕ್ಕದಲ್ಲಿ ಕೂತು ಓದಿದೆ.

“ಈರುಳ್ಳಿ, ಬೆಳ್ಳುಳ್ಳಿ. ನಾಯಿಗೆ ಬೇಡ.”

“ಬೋಂಡ ಅಂದ್ರೆ ಪ್ರಾಣ ಬಿಡೋನು.”

“ಕಾಫಿ, ಚಾಕೊಲೇಟು. ಎರಡಕ್ಕೂ ಬೇಡ.”

“ಹ್ಞೂಂ.”

“ಬೇಯಿಸದ ಒಣ ಅವರೆ, ಹುರುಳಿ, ಹಸಿರಾದ ಆಲೂಗಡ್ಡೆ, ಉಪ್ಪು ಹೆಚ್ಚಾದ್ದು. ಕೋಳಿಗೆ ಬೇಡ.”

“ಉಪ್ಪಿನಕಾಯಿ ಬರೀ ಕೈಲಿ ನೆಕ್ಕೋನು. ಮುಂದಕ್ಕೋದು.”

ಆಗುವಂಥವು ಹಾಳೆಯ ಕೆಳಗಿನ ಅರ್ಧದಲ್ಲಿದ್ದವು. “ಬೇಯಿಸಿದ ಸಿಹಿಗುಂಬಳ. ಎರಡಕ್ಕೂ ಒಳ್ಳೆಯದು.”

“ಏನು?”

“ಸಿಹಿಗುಂಬಳ.”

“ಕುಂಬಳಕಾಯಿ ಕಂಡ್ರೆ ತಟ್ಟೆ ಬಿಟ್ಟು ಏಳೋನು!”

“ಸೌತೆಕಾಯಿ. ಬೇಯಿಸಿದ ಕ್ಯಾರೆಟ್. ಬೀಜ ತೆಗೆದ ಪರಂಗಿ.”

“ಪರಂಗಿ ದನಕ್ಕೆ ಹಾಕು ಅನ್ನೋನು. ಅಲ್ಲ ಕಣೇ, ಅವನು ಮುಟ್ಟದೇ ಇರೋದನ್ನೆಲ್ಲ ಹುಡುಕಿ ಬರ್ದಿದ್ದೀಯಾ?” ಅವರ ಗಂಟಲಿನಿಂದ ಒಂದು ಸದ್ದು ಬಂತು. ನಗು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿದರು: “ಅವನಿಗೂ ಇಷ್ಟ, ಇವಕ್ಕೂ ಆಗ್ತದೆ ಅನ್ನೋದು ಒಂದೂ ಇಲ್ವಾ?”

ಹಾಳೆಯನ್ನು ಮೇಲಿನಿಂದ ಕೆಳಗೆ ಎರಡು ಸಲ ನೋಡಿದೆ.

“ಅನ್ನ,” ಎಂದೆ. “ಉಪ್ಪು ಹಾಕದ ಅನ್ನ. ಬಿಸಿ ಅನ್ನ ಅವನಿಗೆ ಇಷ್ಟ ಇತ್ತು.”

“ಅನ್ನ ಯಾರಿಗೆ ಇಷ್ಟ ಇರಕಿಲ್ಲ,” ಎಂದರು ಅತ್ತೆ. ಆದರೂ ಎದ್ದು ಹೋಗಿ ಒಂದು ಹಿಡಿ ಅಕ್ಕಿ ಬೇರೆಯಾಗಿ ತೊಳೆದಿಟ್ಟರು. ಬೆಣ್ಣೆಹಣ್ಣಿನ ತಟ್ಟೆ ನನ್ನ ಕೈಯಲ್ಲೇ ಇತ್ತು. ಏನು ಮಾಡುವುದೆಂದು ತೋಚದೆ ನಾನೇ ತಿಂದೆ. ರುಚಿ ಗೊತ್ತಾಗಲಿಲ್ಲ.

ಆ ಹಾಳೆಯನ್ನು ಅತ್ತೆ ಇನ್ನೆರಡು ಸಲ ಓದಿಸಿಕೊಂಡರು. ನಾಲ್ಕನೆಯ ಸಲ ಬೇಕಾಗಲಿಲ್ಲ. ಈಗ ಅವರಿಗೆ ಅದು ನನಗಿಂತ ಚೆನ್ನಾಗಿ ಬಾಯಿಪಾಠ. ಮುಂದೊಂದು ದಿನ ಸಿದ್ದಣ್ಣ ಮೆಟ್ಟಿಲ ಮೇಲೆ ಕೂತು ಮಿಲ್ಟ್ರಿಗೆ ಪಕೋಡದ ಚೂರು ಎಸೆಯಲು ಕೈ ಎತ್ತಿದಾಗ, “ಈರುಳ್ಳಿ ಐತೆ ಅದ್ರಲ್ಲಿ! ಎಸುದ್ರೆ ನಿನ್ ಕೈ ಮುರೀತೀನಿ,” ಎಂದು ಒಳಗಿನಿಂದಲೇ ಕೂಗಿದರು. ಅವನು ಪಕೋಡವನ್ನು ಪೂರ್ತಿ ಬಾಯಿಗೆ ತುರುಕಿಕೊಂಡ.

ಇಪ್ಪತ್ತನೆಯ ದಿನ ಮಿಲ್ಟ್ರಿ ಮನೆಗೆ ಬಂತು. ಸಣ್ಣಗಾಗಿತ್ತು, ಬೋಳಿಸಿದ ಕಾಲನ್ನು ನೆಕ್ಕುತ್ತಿತ್ತು. ಅತ್ತೆ ಅದರ ಮುಂದೆ ಅನ್ನವೂ ಬೇಯಿಸಿದ ಕುಂಬಳವೂ ಇದ್ದ ತಟ್ಟೆ ಇಟ್ಟು, “ಇಷ್ಟೇ ಕಣಪ್ಪ. ನಿನ್ ಹೆಂಡ್ತಿ ರೂಲ್ಸು,” ಎಂದರು. ಅದು ಕುಂಬಳ ಮೊದಲು ತಿಂದಿತು. ಅತ್ತೆ ನನ್ನನ್ನು ನೋಡಿದರು. “ಹಂಗಾರೆ ಇವನು ಅವನಲ್ಲ,” ಎಂದು ಹೇಳಿ ತಟ್ಟೆಗೆ ಇನ್ನೊಂದಿಷ್ಟು ಹಾಕಿದರು.

ಇಪ್ಪತ್ತೊಂದನೆಯ ದಿನ ಹನ್ನೊಂದರಲ್ಲಿ ಎಂಟು ಮೊಟ್ಟೆ ಒಡೆದವು. ಮೂರು ಒಡೆಯಲಿಲ್ಲ.

ಜೂನ್ ಎರಡನೆಯ ವಾರ ಕೋಳಿ ತನ್ನ ಮರಿಗಳನ್ನು ಕುಕ್ಕಿ ಓಡಿಸಲು ಶುರು ಮಾಡಿತು. ಮರಿಗಳು ಓಡಿಹೋಗಿ ಮತ್ತೆ ಬರುತ್ತಿದ್ದವು. ಅದು ಮತ್ತೆ ಕುಕ್ಕುತ್ತಿತ್ತು. “ಇನ್ನು ಕೊಟ್ಟು ಬರೋ ಹೊತ್ತಾಯ್ತು,” ಎಂದರು ಅತ್ತೆ. ತಾನು ಹೋಗುತ್ತೇನೆ ಎಂದರು ಮಾವ. ನಾನು ಹೋಗುತ್ತೇನೆ ಎಂದೆ.

ಕೋಳಿಯನ್ನು ತಲೆ ಹೊರಗಿರುವಂತೆ ಬಟ್ಟೆಚೀಲದಲ್ಲಿ ಇಟ್ಟು, ನಾಲ್ಕು ಮರಿಗಳನ್ನು ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಹಾಕಿ, ಸುಂಟಿಕೊಪ್ಪದಲ್ಲಿ ಮಾದಾಪುರದ ಬಸ್ಸು ಹತ್ತಿದೆ. ಕಂಡಕ್ಟರ್, “ಮಕ್ಕಳಿಗೆ ಹಾಫ್ ಟಿಕೆಟ್ಟಾ ಮೇಡಂ?” ಎಂದ. ಎರಡು ತಿಂಗಳಲ್ಲಿ ನನ್ನೊಡನೆ ಯಾರೂ ತಮಾಷೆ ಮಾಡಿರಲಿಲ್ಲ. ಅವನಿಗೆ ಗೊತ್ತಿರಲಿಲ್ಲ. “ಅವು ಇನ್ನೂ ಶಾಲೆಗೆ ಸೇರಿಲ್ಲ,” ಎಂದೆ. ನನ್ನ ಧ್ವನಿ ನನಗೇ ಬೇರೆ ಯಾರದೋ ಅನ್ನಿಸಿತು.

ಮುತ್ತಮ್ಮಕ್ಕ ಗೇಟಿನ ಹತ್ತಿರ ಗಮ್‌ಬೂಟು ಹಾಕಿಕೊಂಡು ಚರಂಡಿ ಬಿಡಿಸುತ್ತಿದ್ದರು. ಎಪ್ಪತ್ತರ ಹತ್ತಿರದ ಕೊಡವ ಹೆಂಗಸು, ಒಂಟಿಯಾಗಿ ತೋಟ ನೋಡಿಕೊಳ್ಳುವವರು. ತಿಥಿಗೆ ಬಂದು ಒಂದು ಮಾತೂ ಆಡದೆ ನನ್ನ ಪಕ್ಕ ಕೂತು ಹೋಗಿದ್ದರು. ಚೀಲದಿಂದ ಹೊರಗಿದ್ದ ತಲೆ ನೋಡಿ ಗುದ್ದಲಿ ಕೆಳಗಿಟ್ಟರು.

“ಎಂತ ಇದು? ನಾನು ಕೋಳಿ ಕೇಳಿದ್ನಾ ನಿನ್ನ ಹತ್ರ?”

“ಅರ್ಧ ಪಾಲು, ಮುತ್ತಮ್ಮಕ್ಕ. ಎಂಟು ಆಗಿತ್ತು. ನಾಲ್ಕು ತಂದಿದ್ದೇನೆ.”

“ಈ ಮಳೇಲಿ ಬಸ್ಸಲ್ಲಿ ಕೋಳಿ ಹೊತ್ಕೊಂಡು ಬಂದದ್ದಾ? ಬೇರೆ ಕೆಲಸ ಇಲ್ವಾ?” ಚೀಲ ಕಸಿದುಕೊಂಡು ಕೋಳಿಯನ್ನು ಹೊರತೆಗೆದರು. ಎದೆಯ ಗರಿ ಊದಿ ನೋಡಿದರು, ಕೈಯಲ್ಲಿ ತೂಗಿ ನೋಡಿದರು. “ಇಳಿದಿಲ್ಲ. ಕಾವು ಕೂತ ಕೋಳಿ ಒಣಗಿ ಕಡ್ಡಿ ಆಗ್ತದೆ. ಇದು ದಪ್ಪ ಆಗಿ ಬಂದಿದೆಯಲ್ಲ! ಎಂತ ಹಾಕಿದ್ರಿ?”

“ಅನ್ನ, ಕುಂಬಳಕಾಯಿ.”

“ಅವನಿಗೆ ನಾನು ಹೇಳಿದ್ದೆ. ಕೋಳಿಗೆ ಏನಾದ್ರೂ ಆದ್ರೆ ನೀನು ಈ ಕಡೆ ಮುಖ ಹಾಕ್ಬೇಡ, ಕೋಳಿ ಬಂದ್ರೆ ಮಾತ್ರ ನೀನೂ…” ಎಂದವರು ನಿಲ್ಲಿಸಿದರು. ಕೋಳಿಯನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡರು. ಮಳೆ ಸಣ್ಣಗೆ ಬರುತ್ತಿತ್ತು. ಡಬ್ಬದಲ್ಲಿ ಮರಿಗಳು ಕೂಗುತ್ತಿದ್ದವು.

“ಕೋಳಿ ಬಂದಿದೆ,” ಎಂದೆ.

“ಉಂಟು. ಬಂದಿದೆ,” ಎಂದರು.

ಅದರ ಕಾಲಿನ ನೀಲಿ ಬಟ್ಟೆ ಅವರ ಕಣ್ಣಿಗೆ ಬಿತ್ತು. ಬಿಚ್ಚಲು ನೋಡಿದರು. ಒದ್ದೆಯಾದ ಗಂಟು, ಅವರ ಬೆರಳು ಗಡುಸು. ಆಗಲಿಲ್ಲ. “ಬಾ, ಇದು ನಮ್ಮದಲ್ಲ. ನೀನೇ ತೆಗಿ,” ಎಂದರು.

ನಾನು ಕೆಸರಿನಲ್ಲಿ ಮೊಣಕಾಲೂರಿ ಕೂತೆ. ಅವರು ಕೋಳಿಯ ಕಾಲು ಹಿಡಿದುಕೊಂಡರು. ಮಹೇಶ್ ಒಂದರ ಮೇಲೊಂದು ಮೂರು ಗಂಟು ಹಾಕಿದ್ದ. ಅವನು ಏನು ಕಟ್ಟಿದರೂ ಹಾಗೆಯೇ. ಮೊದಲ ಎರಡು ಉಗುರಿಗೆ ಬಂದವು, ಮೂರನೆಯದಕ್ಕೆ ಬಹಳ ಹೊತ್ತು ಹಿಡಿಯಿತು. ಮುತ್ತಮ್ಮಕ್ಕ ಬೇಗ ಮಾಡು ಎನ್ನಲಿಲ್ಲ.

ಬಟ್ಟೆ ಕೈಗೆ ಬಂತು. ಅವರು ಕೋಳಿಯನ್ನು ನೆಲಕ್ಕೆ ಬಿಟ್ಟರು. ಅದು ಒಂದು ಸಲ ಮೈ ಕೊಡವಿ, ಗೇಟು ದಾಟಿ, ತನ್ನ ಹಳೆಯ ದಾರಿ ಹಿಡಿದು ಒಳಗೆ ಹೋಯಿತು.